ಅತ್ತೆಯ ಮಗಳು, ದೊಡ್ಡಮ್ಮನ ಮಗಳು

ಹಬ್ಬದ ದಿನ ಮನೆಗೆ ಇಬ್ಬರು ಹೆಣ್ಣುಮಕ್ಕಳು ಬಂದಿಳಿದರೆಂದು ಭಾವಿಸೋಣ. ಒಬ್ಬಳು ಅತ್ತೆಯ ಮಗಳು, ಎಂದರೆ ತಂದೆಯ ಒಡಹುಟ್ಟಿದವಳ ಮಗಳು. ಇನ್ನೊಬ್ಬಳು ದೊಡ್ಡಮ್ಮನ ಮಗಳು, ತಾಯಿಯ ಅಕ್ಕನ ಮಗಳು. ಇಬ್ಬರದೂ ಸರಿಸುಮಾರು ಒಂದೇ ವಯಸ್ಸು. ಇಬ್ಬರೂ ಬೇರೆ ಊರುಗಳಲ್ಲಿ ಬೆಳೆದವರು. ಇಬ್ಬರನ್ನೂ ಮನೆಯ ಹುಡುಗನು ವರ್ಷಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚಾಗಿ ಕಂಡವನಲ್ಲ. ಹೀಗಿದ್ದರೂ ಮೊದಲನೆಯವಳು ಹೊಸ್ತಿಲು ದಾಟಿದೊಡನೆ ಜಗಲಿಯ ಮೇಲಿನ ಅಜ್ಜಿ "ನಿನ್ನ ಹೆಂಡತಿ ಬಂದಳು ನೋಡೋ, ಕೈಯಿಂದ ಗಂಟು ಇಸಿದುಕೋ" ಎಂದು ಹುಡುಗನನ್ನು ಕೆಣಕುತ್ತಾಳೆ, ಹುಡುಗನು ಕಿವಿಯವರೆಗೆ ಕೆಂಪಾಗುತ್ತಾನೆ, ಮನೆಮಂದಿಯೆಲ್ಲ ನಗುತ್ತಾರೆ. ಎರಡನೆಯವಳ ವಿಷಯದಲ್ಲಿಯಾದರೋ ಅಂಥ ಮಾತು ಹಾಸ್ಯಕ್ಕೂ ಅಜ್ಜಿಯ ನಾಲಿಗೆಗೆ ಬಾರದು, ಒಂದು ವೇಳೆ ತಿಳಿಯದವರು ಯಾರಾದರೂ ಆಡಿಬಿಟ್ಟರೆ "ಛೀ, ಬಿಡ್ತು ಅನ್ನಿ, ಅವಳು ತಂಗಿಯಾಗಬೇಕು" ಎಂದು ಒಡನೆಯೇ ತಿದ್ದಲಾಗುತ್ತದೆ. ಇದನ್ನು ಹುಡುಗನಿಗೆ ಯಾವ ಪಾಠಶಾಲೆಯಲ್ಲೂ ಕಲಿಸಲಿಲ್ಲ. ಮಾತು ಕಲಿತ ದಿವಸದಿಂದಲೇ, ನೀರು ತಣ್ಣಗಿರುವುದೆಂಬುದನ್ನು ತಿಳಿದಷ್ಟೇ ಸಹಜವಾಗಿ, ಇವಳು ಇಂಥವಳು, ಅವಳು ಅಂಥವಳು ಎಂಬುದನ್ನು ಅವನು ತಿಳಿದಿರುತ್ತಾನೆ.

ನಮ್ಮ ಸೀಮೆಯ ಬಹುಪಾಲು ಹಿಂದೂ ಮನೆಗಳಲ್ಲಿ ಇದು ಎಷ್ಟು ಸಾಮಾನ್ಯವಾದ ಸಂಗತಿಯೆಂದರೆ, ಇದರಲ್ಲಿ ಕೇಳತಕ್ಕ ಪ್ರಶ್ನೆಯೊಂದು ಅಡಗಿದೆಯೆಂಬುದೇ ನಮಗೆ ತೋರುವುದಿಲ್ಲ. ವಿಂಧ್ಯದಿಂದ ಉತ್ತರಕ್ಕೆ ಹೋದರೆ ಅಲ್ಲಿನ ಬಹುತೇಕ ಹಿಂದೂ ಕುಟುಂಬಗಳಲ್ಲಿ ಈ ಇಬ್ಬರೂ ಸಮಾನವಾಗಿ ತಂಗಿಯರು. ಅತ್ತೆಯ ಮಗಳನ್ನು ಮದುವೆಯಾಗುವುದೆಂದರೆ ಅಲ್ಲಿನವರು ಬೆಚ್ಚಿಬೀಳುತ್ತಾರೆ. ನಮ್ಮದೇ ಊರಿನ ಮುಸಲ್ಮಾನರ ಮನೆಯಲ್ಲಿ ಇಬ್ಬರನ್ನೂ, ಅಷ್ಟೇ ಏಕೆ, ಚಿಕ್ಕಪ್ಪನ ಮಗಳನ್ನೂ ಮದುವೆಯಾಗಬಹುದು. ಪ್ರಾಣಿಶಾಸ್ತ್ರದ ದೃಷ್ಟಿಯಿಂದ ಒಂದೇ ಜಾತಿಯ ಜೀವಿಯಾದ ಮನುಷ್ಯನು, ಒಂದೇ ಪ್ರಮಾಣದ ರಕ್ತಸಂಬಂಧವುಳ್ಳ ಇಬ್ಬರು ಹುಡುಗಿಯರ ನಡುವೆ, ಒಂದು ಊರಿನಲ್ಲಿ ಒಂದು ಬಗೆಯಾಗಿ, ಇನ್ನೊಂದು ಊರಿನಲ್ಲಿ ಇನ್ನೊಂದು ಬಗೆಯಾಗಿ ಗೆರೆಯೆಳೆಯುವುದೇಕೆ? ಗೆರೆಯನ್ನು ಎಲ್ಲಿಯೇ ಎಳೆಯಲಿ, ಒಡಹುಟ್ಟಿದವರ ಸುತ್ತ ಮಾತ್ರ ಹೆಚ್ಚುಕಡಮೆ ಎಲ್ಲ ಜನಾಂಗದವರೂ ತಪ್ಪದೆ ಎಳೆದಿರುವುದೇಕೆ?

ಈ ಪ್ರಶ್ನೆಯನ್ನು ಹಿಡಿದುಕೊಂಡು ಒಂದು ವಿಶ್ವವಿದ್ಯಾಲಯದೊಳಗೆ ಹೋದ ವಿದ್ಯಾರ್ಥಿಯ ಪಾಡು ಸ್ವಲ್ಪ ಹಾಸ್ಯಾಸ್ಪದವಾದುದು. ಮನಶ್ಶಾಸ್ತ್ರದ ಬಾಗಿಲಲ್ಲಿ ನಿಂತು ಕೇಳಿದರೆ ಅಲ್ಲಿಯವರು, ಇದು ಬಂಧುತ್ವದ ವಿಚಾರ, ಮಾನವಶಾಸ್ತ್ರದವರನ್ನು ಕೇಳಿರೆನ್ನುವರು. ಮಾನವಶಾಸ್ತ್ರದವರು ರೂಢಿ ನಿಯಮಗಳ ಉದ್ದನೆಯ ಪಟ್ಟಿಯನ್ನು ಕೊಟ್ಟು, ಸಂತಾನದ ಮೇಲಾಗುವ ಪರಿಣಾಮವೇನೆಂಬುದು ತಳಿಶಾಸ್ತ್ರದವರಿಗೆ ಸೇರಿದ್ದೆನ್ನುವರು. ತಳಿಶಾಸ್ತ್ರದವರು ಭಿನ್ನರಾಶಿಗಳನ್ನು ಬರೆದುಕೊಟ್ಟು, ಇದರ ಕಾನೂನು ಚರಿತ್ರೆಗಳು ತಮಗೆ ತಿಳಿಯವೆಂದು ಕೈಮುಗಿಯುವರು. ಯಾರೂ ಸುಳ್ಳು ಹೇಳಿದವರಲ್ಲ. ಮನುಷ್ಯನ ಒಂದು ನಡವಳಿಕೆ ಒಂದಾಗಿಯೇ ಜರುಗುತ್ತದೆ, ಅದನ್ನು ತಿಳಿಯುವ ಕೋಣೆಗಳು ಮಾತ್ರ ಬೇರೆಬೇರೆ ಮಹಡಿಗಳಲ್ಲಿರುತ್ತವೆ, ಅಷ್ಟೆ.

ಕೋಣೆಗಳ ಗೋಡೆಯನ್ನು ಕೆಡವಬೇಕೆಂಬ ಹಂಬಲ ಹೊಸದಲ್ಲ. ಮೈಸೂರಿನಲ್ಲಿಯೇ ಅದರ ಒಂದು ಎಳೆ ಹಿಂದೆ ಕಾಣಿಸಿಕೊಂಡಿತ್ತು. ಕಲಕತ್ತೆಯ ವಿಶ್ವವಿದ್ಯಾಲಯಕ್ಕೆ ಪ್ರಯೋಗಾತ್ಮಕ ಮನಶ್ಶಾಸ್ತ್ರದ ಪಠ್ಯಕ್ರಮವನ್ನು ರಚಿಸಿಕೊಟ್ಟವರೂ, ಪ್ರಾಚೀನ ಹಿಂದೂಗಳ ಭೌತವಿಜ್ಞಾನಗಳನ್ನು ಕುರಿತು ಬರೆದವರೂ, ವೃತ್ತಿಯಿಂದ ತತ್ತ್ವಶಾಸ್ತ್ರಜ್ಞರೂ ಆಗಿದ್ದ ಬ್ರಜೇಂದ್ರನಾಥ ಶೀಲರು 1920ರ ದಶಕದಲ್ಲಿ ಮೈಸೂರಿನ ಉಪಕುಲಪತಿಗಳಾಗಿದ್ದಾಗ, 1924ರಲ್ಲಿ, ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ನನ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿಯವರು ಇಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು ಕಟ್ಟಿದರು. (ಇದೇ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಪ್ರಸಾರವನ್ನಾರಂಭಿಸಿದವರು, 'ಆಕಾಶವಾಣಿ'ಯೆಂಬ ಹೆಸರು ಆ ಮನೆಯಿಂದ ಹೊರಟು ದೇಶವನ್ನೆಲ್ಲ ವ್ಯಾಪಿಸಿತು. ಮನಸ್ಸನ್ನು ಅಳೆಯುವವನಿಗೆ ಧ್ವನಿಯ ಗೀಳು ಹಿಡಿದುದರಲ್ಲಿ ಆಶ್ಚರ್ಯವೇನೂ ಇಲ್ಲ.) ಅದೇ ಕಾಲದ ಮಹಾರಾಜಾ ಕಾಲೇಜಿನಲ್ಲಿ ಎ. ಆರ್. ವಾಡಿಯಾ ಅವರ ನೇತೃತ್ವದಲ್ಲಿ 'ಸಾಮಾಜಿಕ ತತ್ತ್ವಶಾಸ್ತ್ರ'ವೆಂಬ ಆನರ್ಸ್ ವ್ಯಾಸಂಗವಿದ್ದಿತು. ಸಮಾಜಶಾಸ್ತ್ರ, ನೀತಿಶಾಸ್ತ್ರ, ರಾಜಕೀಯ ಚಿಂತನೆ ಮುಂತಾದವನ್ನೆಲ್ಲ ಒಂದೇ ಪದವಿಯ ಚೀಲದಲ್ಲಿ ತುಂಬಿದ್ದ ಆ ವ್ಯಾಸಂಗವನ್ನು ಮುಗಿಸಿ 1936ರಲ್ಲಿ ಹೊರಬಿದ್ದ ತರುಣನೊಬ್ಬನು ಮುಂದೆ ಈ ಅಧ್ಯಾಯದಲ್ಲಿ ಮತ್ತೆ ನಮಗೆ ಸಿಗುತ್ತಾನೆ.

ಗೋಡೆಗಳನ್ನು ಕೆಡವುವ ಪ್ರಯತ್ನಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದದ್ದು ಅಮೆರಿಕದ ಹಾರ್ವರ್ಡಿನದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರಕಾರದ ಕೆಲಸಕ್ಕೆ ಹೋದ ಪಂಡಿತರು, ಶತ್ರುದೇಶದ ಜನರ ಮನೋಧೈರ್ಯವನ್ನು ಅಂದಾಜುಮಾಡುವುದಾಗಲಿ ಗುಪ್ತಚರರನ್ನು ಪರೀಕ್ಷಿಸಿ ಆರಿಸುವುದಾಗಲಿ ಒಂದೇ ಶಾಸ್ತ್ರದ ಬಲದಿಂದ ಆಗದ ಕೆಲಸಗಳೆಂದು ಕಂಡುಕೊಂಡರು; ಅಲ್ಲಿ ಒಂದೇ ಮೇಜಿನ ಸುತ್ತ ಕುಳಿತು ಕಲಿತ ಅಭ್ಯಾಸವನ್ನು ಮನೆಗೂ ತರಬೇಕೆಂದು ಬಯಸಿದರು. 1946ರಲ್ಲಿ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್, ಮನಶ್ಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಮರೆ, ನವಾಹೊ ಜನರನ್ನು ಬಹುಕಾಲ ಅಭ್ಯಸಿಸಿದ ಮಾನವಶಾಸ್ತ್ರಜ್ಞ ಕ್ಲೈಡ್ ಕ್ಲಕ್‌ಹೋನ್ ಇವರೆಲ್ಲ ಸೇರಿ 'ಸಾಮಾಜಿಕ ಸಂಬಂಧಗಳ ವಿಭಾಗ'ವೆಂಬ ಹೊಸ ವಿಭಾಗವನ್ನು ಸ್ಥಾಪಿಸಿದರು. ಕಣ್ಣು ಕಿವಿಗಳ ಶಕ್ತಿಯನ್ನು ಅಳೆಯುವ ಹಳೆಯ ಮನಶ್ಶಾಸ್ತ್ರಜ್ಞರು ಮಾತ್ರ ಈ ಸಂಸಾರಕ್ಕೆ ಸೇರದೆ ಮೆಮೋರಿಯಲ್ ಹಾಲಿನ ನೆಲಮಾಳಿಗೆಯಲ್ಲಿ ತಮ್ಮ ಯಂತ್ರಗಳೊಡನೆಯೇ ಉಳಿದರು. 1951ರಲ್ಲಿ ಪಾರ್ಸನ್ಸ್ ಮತ್ತು ಸಂಗಡಿಗರು ಮಾನವಕ್ರಿಯೆಯ ಸಾಮಾನ್ಯ ಸಿದ್ಧಾಂತವೊಂದನ್ನು ಗ್ರಂಥರೂಪದಲ್ಲಿ ತಂದರು. ಅದನ್ನೇ ವಿಭಾಗದ ಅಧಿಕೃತ ಸಿದ್ಧಾಂತವಾಗಿ ಹಿಡಿಯಬೇಕೇನೋ ಎಂಬ ಸೂಚನೆ ಅಧ್ಯಾಪಕರ ಸಭೆಯಲ್ಲಿ ಸುಳಿದಾಗ, ಅದೇ ವಿಭಾಗದ ಜಾರ್ಜ್ ಹೋಮನ್ಸ್ ಎದ್ದುನಿಂತು ಅಂಥದೇನೂ ಕೂಡದೆಂದು ವಿರೋಧಿಸಿದರಂತೆ. ಪರಸ್ಪರ ಗೌರವದಿಂದ ಕೂಡಿದ್ದ ಆ ಮನೆಯಲ್ಲಿ ಒಲೆ ಮಾತ್ರ ಒಂದಾಗಲಿಲ್ಲ. 1960ರ ದಶಕದಲ್ಲಿ ಅವರಿಗಾಗಿ ಹದಿನೈದು ಅಂತಸ್ತುಗಳ ವಿಲಿಯಂ ಜೇಮ್ಸ್ ಹಾಲ್ ಎಂಬ ಬಿಳಿಯ ಗೋಪುರವೆದ್ದಿತು. ಪ್ರತಿಯೊಂದು ಶಾಸ್ತ್ರಕ್ಕೂ ಅದರದರ ಅಂತಸ್ತು ದೊರೆತಮೇಲೆ ಲಿಫ್ಟಿನಲ್ಲಿ ಭೇಟಿಯಾಗುವುದಷ್ಟೇ ಉಳಿಯಿತೆಂದು ಊಹಿಸಿದರೆ ತಪ್ಪಾಗಲಾರದು. 1970ರಲ್ಲಿ ಸಮಾಜಶಾಸ್ತ್ರದವರು ಬೇರೆಯಾದರು. 1972ಕ್ಕೆ ವಿಭಾಗವೇ ಮುಗಿಯಿತು.

ಇದನ್ನು ಸೋಲೆಂದು ಸಾರಾಸಗಟಾಗಿ ಹೇಳುವುದು ಅನ್ಯಾಯ. ಕ್ಲಿಫರ್ಡ್ ಗೀರ್ಟ್ಸ್, ಸ್ಟಾನ್ಲಿ ಮಿಲ್‌ಗ್ರಾಂ, ರಾಬರ್ಟ್ ಬೆಲ್ಲಾ ಮೊದಲಾದವರು ಅಲ್ಲಿಯೇ ಡಾಕ್ಟರೇಟು ಪಡೆದವರು. ಗೋಡೆಯಿಲ್ಲದ ಮನೆಯಲ್ಲಿ ಬೆಳೆದ ಮಕ್ಕಳು ಹಿರಿಯರಿಗಿಂತ ಧಾರಾಳಿಗಳಾದರು. ಆದರೆ ಒಂದು ಸಂಶಯ ನನ್ನನ್ನು ಬಿಟ್ಟುಹೋಗಿಲ್ಲ. ಆ ಮಹನೀಯರು ಮೊದಲು ಸೂರನ್ನು ಕಟ್ಟಿ, ಆಮೇಲೆ ಅದರಡಿಯಲ್ಲಿ ಸಿದ್ಧಾಂತವನ್ನು ಹುಡುಕಿದರು; ಎಲ್ಲರನ್ನೂ ಎಳೆದು ಕೂರಿಸುವಂಥ ಒಂದು ಸಣ್ಣ, ಹಟಮಾರಿ ಪ್ರಶ್ನೆ ಅವರ ನಡುವೆ ಇರಲಿಲ್ಲವೇನೋ.

ಪ್ರಶ್ನೆಯನ್ನು ಹೇಗೆ ಕೇಳಬೇಕೆಂಬುದನ್ನು ಕಲಿಸಿದವನು ಕಡಲಹಕ್ಕಿಗಳನ್ನೂ ಮೀನುಗಳನ್ನೂ ನೋಡುತ್ತ ಜೀವಮಾನ ಕಳೆದ ಒಬ್ಬ ಡಚ್ಚ. ಆಕ್ಸ್‌ಫರ್ಡಿನಲ್ಲಿ ನೆಲಸಿದ್ದ ನಿಕೊ ಟಿನ್‌ಬರ್ಗೆನ್ನನು 1963ರ ಒಂದು ಲೇಖನದಲ್ಲಿ, ಯಾವುದೇ ನಡವಳಿಕೆಯನ್ನು ಕುರಿತು 'ಏಕೆ' ಎಂದು ಕೇಳುವಾಗ ನಾವು ನಾಲ್ಕು ಬೇರೆ ಪ್ರಶ್ನೆಗಳನ್ನು ಕೇಳುತ್ತಿರುತ್ತೇವೆಂದು ತೋರಿಸಿದನು: ಆ ಕ್ಷಣದಲ್ಲಿ ಅದನ್ನು ಹೊರಡಿಸುವ ಕಾರಣ ಯಾವುದು, ಒಂದು ಜೀವಿಯ ಬಾಳಿನಲ್ಲಿ ಅದು ಹೇಗೆ ಬೆಳೆದುಬಂದಿತು, ಉಳಿವಿಗೆ ಅದರಿಂದಾಗುವ ಪ್ರಯೋಜನವೇನು, ವಂಶಪರಂಪರೆಯಲ್ಲಿ ಅದು ಹೇಗೆ ವಿಕಾಸಗೊಂಡಿತು. ಒಂದಕ್ಕೆ ಕೊಟ್ಟ ಉತ್ತರ ಇನ್ನೊಂದರ ಉತ್ತರವನ್ನು ಸುಳ್ಳುಮಾಡುವುದಿಲ್ಲ. ಇಷ್ಟು ಸರಳವಾದ ಮಾತು ತಿಳಿಯದೆ ಎಷ್ಟೋ ವಿದ್ವಾಂಸರು ದಶಕಗಟ್ಟಲೆ ಒಬ್ಬರನ್ನೊಬ್ಬರು ಖಂಡಿಸಿದ್ದಾರೆ. ಆಕ್ಸ್‌ಫರ್ಡಿನ 'ಮಾನವ ವಿಜ್ಞಾನಗಳು' ಎಂಬ ಪದವಿ ವ್ಯಾಸಂಗದ ಹುಟ್ಟಿನಲ್ಲಿಯೂ ಟಿನ್‌ಬರ್ಗೆನ್ನನ ಕೈಯಿತ್ತು. ತಳಿಶಾಸ್ತ್ರದಿಂದ ಮಾನವಶಾಸ್ತ್ರದವರೆಗೆ, ಜನಸಂಖ್ಯಾಶಾಸ್ತ್ರವನ್ನೂ ಒಳಗೊಂಡು, ಅದು ಇಂದಿಗೂ ನಡೆದುಬರುತ್ತಿದೆ.

ಈಗ ಹಬ್ಬಕ್ಕೆ ಬಂದ ಹುಡುಗಿಯರ ಕಡೆಗೆ ತಿರುಗೋಣ. ಆದರೆ ದಾರಿ ಫಿನ್ಲೆಂಡಿನ ಮೇಲೆ ಹಾದುಹೋಗುತ್ತದೆ.

1891ರಲ್ಲಿ ಎಡ್ವರ್ಡ್ ವೆಸ್ಟರ್‌ಮಾರ್ಕ್ ಎಂಬ, ಇನ್ನೂ ಮೂವತ್ತು ತುಂಬದ ಹೆಲ್ಸಿಂಕಿಯ ತರುಣನು ಮಾನವ ವಿವಾಹದ ಇತಿಹಾಸವನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಡಾರ್ವಿನ್ನನ ಸಹಶೋಧಕನಾದ ವಾಲೇಸನು ಅದಕ್ಕೆ ಮುನ್ನುಡಿ ಬರೆದನು. ಆ ಗ್ರಂಥದ ನೂರಾರು ವಿಷಯಗಳಲ್ಲಿ ಇಂದಿಗೂ ಜೀವಂತವಾಗಿರುವುದು ಒಂದು: ಎಳೆಯ ವಯಸ್ಸಿನಲ್ಲಿ ಒಟ್ಟಿಗೆ ಬೆಳೆದವರ ನಡುವೆ, ಅವರು ರಕ್ತಸಂಬಂಧಿಗಳಾಗಿರಲಿ ಬಿಡಲಿ, ಮುಂದೆ ಕಾಮಾಕರ್ಷಣೆ ಹುಟ್ಟುವುದಿಲ್ಲ, ಬದಲಿಗೆ ಒಂದು ವಿಮುಖತೆ ಹುಟ್ಟುತ್ತದೆ, ಸಾಮಾನ್ಯವಾಗಿ ಒಟ್ಟಿಗೆ ಬೆಳೆಯುವವರು ಒಡಹುಟ್ಟಿದವರೇ ಆಗಿರುವುದರಿಂದ, ಪ್ರಕೃತಿಯು ಈ ಸುಲಭೋಪಾಯದ ಮೂಲಕವೇ ಒಳಸಂತಾನದ ಕೇಡನ್ನು ತಪ್ಪಿಸುತ್ತದೆ. ಮುಂದೆ ಲಂಡನ್ನಿನಲ್ಲಿ ಪ್ರಾಧ್ಯಾಪಕನಾಗಿ, ಮೊರಾಕ್ಕೋದ ಹಳ್ಳಿಗಳಲ್ಲಿ ವರ್ಷಗಟ್ಟಲೆ ಬದುಕಿ, ಮಲಿನೋವ್‌ಸ್ಕಿಯಂಥ ಶಿಷ್ಯನನ್ನು ಬೆಳೆಸಿದ ಈತನಿಗೆ, ಈ ಒಂದು ವಿಚಾರದಲ್ಲಿ ಮಾತ್ರ ಜೀವಿತಕಾಲದಲ್ಲಿ ಜಯ ಸಿಕ್ಕಲಿಲ್ಲ.

ಏಕೆಂದರೆ ಎದುರಾಳಿಗಳು ಸಾಮಾನ್ಯರಾಗಿರಲಿಲ್ಲ. ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರನು, ಮನುಷ್ಯನಿಗೆ ಸಹಜವಾಗಿಯೇ ಬೇಡವಾದುದನ್ನು ನಿಷೇಧಿಸುವ ಕಾನೂನೇಕೆ ಬೇಕು ಎಂದು ಕೇಳಿದನು. ಬೆಂಕಿಯಲ್ಲಿ ಕೈಯಿಡಬೇಡವೆಂದು ಯಾವ ಸ್ಮೃತಿಯೂ ವಿಧಿಸುವುದಿಲ್ಲವಷ್ಟೆ. 1913ರಲ್ಲಿ ಫ್ರಾಯ್ಡ್ ಆ ತರ್ಕವನ್ನೇ ಎತ್ತಿಹಿಡಿದು, ನಿಷೇಧವಿರುವುದೇ ಆಸೆಯಿರುವುದಕ್ಕೆ ಸಾಕ್ಷಿಯೆಂದನು. 1949ರಲ್ಲಿ ಮಾನವಶಾಸ್ತ್ರಜ್ಞ ಕ್ಲೋದ್ ಲೆವಿಸ್ಟ್ರೋಸ್ ಮತ್ತೊಂದು ದಿಕ್ಕಿನಿಂದ ಬಂದನು: ತಂಗಿಯನ್ನು ಬಿಟ್ಟುಕೊಡುವುದು ಮತ್ತೊಂದು ಮನೆಯಿಂದ ಹೆಣ್ಣನ್ನು ತರುವ ಸಲುವಾಗಿ, ನಿಷೇಧವೆಂಬುದು ವಾಸ್ತವವಾಗಿ ವಿನಿಮಯದ ನಿಯಮ, ಬೀಗತನವೇ ಸಮಾಜದ ಬುನಾದಿ. 'ಕೊಟ್ಟು ತರುವುದು' ಎಂದು ನಮ್ಮ ಹಳ್ಳಿಯವರು ಯಾವುದನ್ನು ಎರಡು ಪದಗಳಲ್ಲಿ ಮುಗಿಸುತ್ತಾರೋ ಅದಕ್ಕೆ ಆತನು ಒಂದು ಮಹಾಗ್ರಂಥವನ್ನೇ ಬರೆದನು. ಅತ್ತೆಯ ಮಗಳನ್ನೋ ಸೋದರಮಾವನ ಮಗಳನ್ನೋ ತರುವ ಸೋದರಿಕೆಯ ಮದುವೆಗೆ ಅದರಲ್ಲಿ ಕೇಂದ್ರಸ್ಥಾನವಿದೆ. ಈ ಮೂವರಲ್ಲಿ ಯಾರೂ ವೆಸ್ಟರ್‌ಮಾರ್ಕನ ಮಾತನ್ನು ಪರೀಕ್ಷೆಗೊಡ್ಡಲಿಲ್ಲ. ಪರೀಕ್ಷೆ ಮಾಡುವುದಾದರೂ ಹೇಗೆ? ಒಡಹುಟ್ಟಿದವರಲ್ಲದ ಮಕ್ಕಳನ್ನು ಒಟ್ಟಿಗೆ ಬೆಳೆಸಿ, ಆಮೇಲೆ ಅವರಿಗೆ ಮದುವೆಮಾಡಿ ನೋಡಬೇಕು. ಅಂಥ ಪ್ರಯೋಗವನ್ನು ಯಾವ ವಿಶ್ವವಿದ್ಯಾಲಯ ತಾನೇ ಮಾಡೀತು?

ವಿಶ್ವವಿದ್ಯಾಲಯಗಳು ಮಾಡದ ಪ್ರಯೋಗವನ್ನು ಜನಜೀವನವೇ ಎರಡು ಕಡೆ ಮಾಡಿಟ್ಟಿತ್ತು. ಮೊದಲನೆಯದು ಇಸ್ರೇಲಿನ ಸಾಮೂಹಿಕ ಬೇಸಾಯದ ಊರುಗಳಾದ ಕಿಬ್ಬುಟ್ಸ್‌ಗಳಲ್ಲಿ. ಅಲ್ಲಿ ಬೇರೆಬೇರೆ ದಂಪತಿಗಳ ಮಕ್ಕಳು ಶೈಶವದಿಂದಲೇ ಮಕ್ಕಳ ಮನೆಯಲ್ಲಿ ಒಂದೇ ಗುಂಪಾಗಿ ಉಂಡು, ಮಿಂದು, ಮಲಗಿ ಬೆಳೆಯುತ್ತಿದ್ದರು. ತಾನೂ ಕಿಬ್ಬುಟ್ಸ್‌ನವನೇ ಆದ ಜೋಸೆಫ್ ಶೆಫರ್ 1971ರಲ್ಲಿ 2,769 ಮದುವೆಗಳನ್ನು ಪರಿಶೀಲಿಸಿ, ಒಂದೇ ಗುಂಪಿನವರ ನಡುವಣ ಮದುವೆಗಳು 14 ಮಾತ್ರ ಎಂದೂ, ಆ ಹದಿನಾಲ್ಕರಲ್ಲಿಯೂ ಹುಟ್ಟಿದಂದಿನಿಂದ ಆರು ವರ್ಷ ಪೂರ್ತಿಯಾಗಿ ಜೊತೆಗಿದ್ದವರು ಯಾರೂ ಇಲ್ಲವೆಂದೂ ಕಂಡನು. ಯಾವ ನಿಷೇಧವೂ ಇರಲಿಲ್ಲ. ಹಿರಿಯರಿಗೆ ಅಂಥ ಮದುವೆ ಸಂತೋಷವೇ ಆಗುತ್ತಿತ್ತು. ಬಹುಕಾಲ ಇದನ್ನು ನಿರ್ಣಾಯಕ ಸಾಕ್ಷ್ಯವೆಂದು ಪಠ್ಯಪುಸ್ತಕಗಳು ಎತ್ತಿ ಮೆರೆಸಿದವು. ಆದರೆ ಮದುವೆಯಾಗಲಿಲ್ಲವೆಂಬುದು ಬೇರೆ, ಮನಸ್ಸಾಗಲಿಲ್ಲವೆಂಬುದು ಬೇರೆ. 2009ರಲ್ಲಿ ಇಬ್ಬರು ಸಮಾಜಶಾಸ್ತ್ರಜ್ಞರು ಹಾಗೆ ಬೆಳೆದ ಅರವತ್ತು ಮಂದಿಯನ್ನು ಕುಳ್ಳಿರಿಸಿ ಮಾತನಾಡಿಸಿದಾಗ, ಅವರಲ್ಲಿ ಹಲವರು ತಮಗೆ ಜೊತೆಗಾರರ ವಿಷಯದಲ್ಲಿ ಆಕರ್ಷಣೆಯಿತ್ತೆಂದೇ ಒಪ್ಪಿಕೊಂಡರು; ಜಿಗುಪ್ಸೆಯನ್ನು ಹೇಳಿದವರು ವಿರಳ. ಎಣಿಕೆಯ ಶಾಸ್ತ್ರ ಮುಗಿಸಿಬಿಟ್ಟೆನೆಂದುಕೊಂಡ ಲೆಕ್ಕವನ್ನು, ಕೇಳಿಸಿಕೊಳ್ಳುವ ಶಾಸ್ತ್ರ ಮತ್ತೆ ಬಿಚ್ಚಿಬಿಟ್ಟಿತು.

ಎರಡನೆಯ ಪ್ರಯೋಗ ತೈವಾನಿನದು. ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಉತ್ತರ ತೈವಾನಿನ ಚೀನೀ ರೈತರಲ್ಲಿ, ಹಸುಗೂಸಾದ ಹೆಣ್ಣುಮಗುವನ್ನು ಬೇರೆ ಮನೆಯಿಂದ ತಂದು, ತಮ್ಮ ಮಗನ ಜೊತೆಯಲ್ಲಿಯೇ ಸಾಕಿ ಬೆಳೆಸಿ, ವಯಸ್ಸಿಗೆ ಬಂದಾಗ ಅವನಿಗೇ ಮದುವೆಮಾಡುವ ಪದ್ಧತಿಯಿತ್ತು. ಅಂಥ ಹುಡುಗಿಗೆ ಸಿಮ್‌ಪುವಾ, ಎಂದರೆ ಪುಟ್ಟ ಸೊಸೆ, ಎಂದು ಹೆಸರು. ತೆರ ಕೊಡುವ ಖರ್ಚಿಲ್ಲ, ಸೊಸೆಯು ಅತ್ತೆಯ ಕೈಯಲ್ಲೇ ಪಳಗಿದವಳು. ಹಣದ ದೃಷ್ಟಿಯಿಂದಲೂ ಮನೆಯ ಶಾಂತಿಯ ದೃಷ್ಟಿಯಿಂದಲೂ ಇದಕ್ಕಿಂತ ಜಾಣತನದ ಏರ್ಪಾಡಿಲ್ಲ. 1950ರ ದಶಕದ ಕೊನೆಯಲ್ಲಿ ಆರ್ಥರ್ ವೂಲ್ಫ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞನು ಅಂಥದೊಂದು ಹಳ್ಳಿಯಲ್ಲಿ ಬಿಡಾರಮಾಡಿದನು. (ಜೊತೆಯಲ್ಲಿದ್ದ ಹೆಂಡತಿ ಮಾರ್ಜರಿ, ಮಾನವಶಾಸ್ತ್ರದ ಪದವಿಯಿಲ್ಲದೆ ಬರಿಯ ಕಣ್ಣುಕಿವಿಗಳಿಂದ ಕಂಡುಕೇಳಿದುದನ್ನು ತಾವು ತಂಗಿದ್ದ ಮನೆತನದ ಕಥೆಯಾಗಿ ಬರೆದು ಗಂಡನಿಗಿಂತ ಮೊದಲೇ ಓದುಗರನ್ನು ಗಳಿಸಿದಳು.) ಮುದುಕರು ಅವನಿಗೆ ಹೇಳಿದ ಕಥೆಗಳು ವಿಚಿತ್ರವಾಗಿದ್ದವು: ಮದುವೆಯ ರಾತ್ರಿ ಗಂಡುಹೆಣ್ಣುಗಳಿಬ್ಬರೂ ಓಡಿಹೋಗದಂತೆ ತಂದೆಯಾದವನು ಕೋಲು ಹಿಡಿದು ಕೋಣೆಯ ಬಾಗಿಲಲ್ಲಿ ಕಾಯಬೇಕಾಗಿ ಬಂದ ಕಥೆಗಳು.

ಕಥೆಯಿಂದ ವಿಜ್ಞಾನವಾಗದೆಂದು ವೂಲ್ಫನಿಗೆ ಗೊತ್ತಿತ್ತು. ತೈವಾನನ್ನು 1895ರಿಂದ 1945ರವರೆಗೆ ಆಳಿದ ಜಪಾನೀಯರು, ಆಳುವವರಿಗೆ ಸಹಜವಾದ ಅಪನಂಬಿಕೆಯಿಂದ, ಪ್ರತಿ ಮನೆಯ ಹುಟ್ಟು, ಸಾವು, ದತ್ತು, ಮದುವೆ, ವಿಚ್ಛೇದನಗಳನ್ನೆಲ್ಲ ದಿನಾಂಕ ಸಮೇತವಾಗಿ ಬರೆಯಿಸಿಟ್ಟಿದ್ದರು. ಆ ಕಡತಗಳನ್ನು ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಶೋಧಿಸಿ, 14,000ಕ್ಕೂ ಮಿಕ್ಕಿದ ಸ್ತ್ರೀಯರ ಬಾಳಿನ ಲೆಕ್ಕವನ್ನು 1995ರ ಗ್ರಂಥದಲ್ಲಿ ಆತನು ಮುಂದಿಟ್ಟನು. ದೊಡ್ಡವರಾದಮೇಲೆ ಹೊರಗಿನಿಂದ ಬಂದ ಹೆಂಡತಿಯರೊಡನೆ ಹೋಲಿಸಿದರೆ ಪುಟ್ಟ ಸೊಸೆಯರಿಗೆ ಮಕ್ಕಳು ಗಮನಾರ್ಹವಾಗಿ ಕಡಮೆ. ವಿಚ್ಛೇದನ ಸುಮಾರು ಮೂರುಪಟ್ಟು ಹೆಚ್ಚು. ದತ್ತುಬಂದು ಬಡತನದಲ್ಲೋ ಬೈಗುಳದಲ್ಲೋ ಬೆಳೆದುದರಿಂದ ಹೀಗಾಗಿರಬಹುದಲ್ಲವೆ ಎಂದರೆ, ಹಾಗೆಯೇ ದತ್ತುಬಂದು ಬೆಳೆದು ಬೇರೊಬ್ಬನನ್ನು ಮದುವೆಯಾದ ಹೆಣ್ಣುಮಕ್ಕಳಲ್ಲಿ ಈ ಕೊರತೆ ಕಾಣಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹುಡುಗಿ ಮೂರು ವರ್ಷ ತುಂಬುವುದರೊಳಗೆ ಬಂದಿದ್ದರೆ ಪರಿಣಾಮ ತೀವ್ರ. ತಡವಾಗಿ ಬಂದಿದ್ದರೆ ಅದು ಇಳಿಮುಖ. ಜಪಾನೀಯರ ಕಡತ, ಜನಸಂಖ್ಯಾಶಾಸ್ತ್ರದ ಗಣಿತ, ಹಳ್ಳಿಯ ಹರಟೆ, ಡಾರ್ವಿನ್ನನ ಸಿದ್ಧಾಂತ: ಈ ನಾಲ್ಕು ಒಬ್ಬ ಮನುಷ್ಯನ ತಲೆಯಲ್ಲಿ ಕೂಡಿದುದಕ್ಕೆ ಯಾವ ಹೊಸ ವಿಭಾಗವೂ ಬೇಕಾಗಲಿಲ್ಲ.

ಮುಂದಿನ ಹೆಜ್ಜೆಯನ್ನಿಟ್ಟವರು ಮನಶ್ಶಾಸ್ತ್ರಜ್ಞರು. 2007ರಲ್ಲಿ ಡೆಬ್ರಾ ಲೀಬರ್‌ಮನ್, ಜಾನ್ ಟೂಬಿ, ಲೀಡಾ ಕಾಸ್ಮಿಡೀಸ್ ಇವರು ಆರುನೂರಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿ, ಒಡಹುಟ್ಟಿದವರೆಂಬ ಅರಿವು ಎರಡು ದಾರಿಯಿಂದ ಬರುವುದೆಂದು ಸೂಚಿಸಿದರು: ಹಿರಿಯ ಮಗುವು ತನ್ನ ತಾಯಿಯು ಎಳೆಗೂಸಿಗೆ ಹಾಲೂಡಿಸುವುದನ್ನು ಕಣ್ಣಾರೆ ಕಾಣುತ್ತದೆ, ಕಿರಿಯ ಮಗುವಿಗೆ ಆ ಸಾಕ್ಷ್ಯ ದೊರೆಯುವಂತಿಲ್ಲವಾಗಿ, ಒಂದೇ ಸೂರಿನಡಿ ಎಷ್ಟು ವರ್ಷ ಕೂಡಿ ಬಾಳಿದೆವೆಂಬುದನ್ನೇ ಅದರ ಮನಸ್ಸು ಅಳತೆಯಾಗಿ ಹಿಡಿಯುತ್ತದೆ.

ಇಷ್ಟನ್ನು ಕೈಯಲ್ಲಿ ಹಿಡಿದು ನಮ್ಮ ಹಬ್ಬದ ಮನೆಗೆ ಮರಳಿದರೆ, ಮೊದಲಿಗೆ ಎಲ್ಲವೂ ಸಲೀಸಾಗಿ ಹೊಂದಿಕೊಂಡಂತೆ ಕಾಣುತ್ತದೆ. ಅವಿಭಕ್ತ ಕುಟುಂಬದಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಒಂದೇ ಪಡಸಾಲೆಯಲ್ಲಿ ಉರುಳಾಡಿ ಬೆಳೆಯುತ್ತಾರೆ, ಅವರು ಅಣ್ಣತಂಗಿಯರು. ಅತ್ತೆಯಾದವಳು ಮದುವೆಯಾಗಿ ಬೇರೆ ಊರಿಗೆ ಹೋದವಳು, ಅವಳ ಮಗಳು ಜೊತೆಯಲ್ಲಿ ಬೆಳೆದವಳಲ್ಲ, ಆದಕಾರಣ ವಧುವಾಗಬಹುದು. ವೆಸ್ಟರ್‌ಮಾರ್ಕನು ನಮ್ಮ ತೊಟ್ಟಿಮನೆಯನ್ನು ನೋಡಿಯೇ ಬರೆದನೋ ಎನ್ನಬೇಕು. ಆದರೆ ದೊಡ್ಡಮ್ಮನ ಮಗಳು ಈ ಸಂತೋಷವನ್ನು ಕೆಡಿಸುತ್ತಾಳೆ. ಅವಳೂ ಬೇರೆ ಊರಿನಲ್ಲಿ ಬೆಳೆದವಳೇ. ಅವಳಿಗೂ ಹುಡುಗನಿಗೂ ಹಾಲೂಡಿಸಿದ ತಾಯಿ ಒಬ್ಬಳಲ್ಲ, ಸೂರು ಒಂದಲ್ಲ. ಆದರೂ ಅವಳು ತಂಗಿ. ಇಲ್ಲಿ ಕೆಲಸಮಾಡುವುದು ತೊಟ್ಟಿಲ ನೆನಪಲ್ಲ, ಭಾಷೆ. ತಾಯಿಯ ಅಕ್ಕತಂಗಿಯರು ದೊಡ್ಡ 'ಅಮ್ಮ', ಚಿಕ್ಕ 'ಅಮ್ಮ'. ತಂದೆಯ ಅಣ್ಣತಮ್ಮಂದಿರು ದೊಡ್ಡ 'ಅಪ್ಪ', ಚಿಕ್ಕ 'ಅಪ್ಪ'. ಅಮ್ಮನಾದವಳ ಮತ್ತು ಅಪ್ಪನಾದವನ ಮಕ್ಕಳೆಲ್ಲ ಒಡಹುಟ್ಟಿದವರ ವರಸೆ. ತಂದೆಯ ಸೋದರಿ ಮಾತ್ರ ಅಮ್ಮನಲ್ಲ, ಅತ್ತೆ; ತಾಯಿಯ ಸೋದರ ಅಪ್ಪನಲ್ಲ, ಮಾವ; ಹೆಂಡತಿಯ ತಾಯಿಗೂ ತಂದೆಗೂ ಇರುವ ಹೆಸರುಗಳು ಇವೇ. ಮದುವೆ ನಡೆಯುವುದಕ್ಕೆ ಹದಿನೆಂಟು ವರ್ಷ ಮೊದಲೇ ನಮ್ಮ ಪದಗಳು ಲಗ್ನಪತ್ರಿಕೆಯನ್ನು ಬರೆದಿಟ್ಟಿರುತ್ತವೆ. ನಾನು ಕೆಲವು ಮನೆಗಳಲ್ಲಿ ಮತ್ತೊಂದು ಮಾತನ್ನೂ ಕೇಳಿದ್ದೇನೆ: ಸೋದರಮಾವನ ಮಗಳು ಯಾವುದೋ ಕಾರಣದಿಂದ ಚಿಕ್ಕಂದಿನಲ್ಲೇ ಬಂದು ಇದೇ ಮನೆಯಲ್ಲಿ ಬೆಳೆದಿದ್ದರೆ, "ವರಸೆಯೇನೋ ಸರಿ, ಆದರೆ ಅಣ್ಣತಂಗಿಯರ ಹಾಗೆ ಬೆಳೆದುಬಿಟ್ಟರು, ಮನಸ್ಸು ಬರುವುದಿಲ್ಲ" ಎನ್ನುವ ಮಾತು. ಇದು ಪ್ರಮಾಣವಲ್ಲ, ಪದ ಒಂದು ಕಡೆಗೂ ತೊಟ್ಟಿಲು ಇನ್ನೊಂದು ಕಡೆಗೂ ಎಳೆದಾಗ ಏನಾಗುವುದೆಂಬುದನ್ನು ಯಾರಾದರೂ ಶ್ರಮವಹಿಸಿ ಅಭ್ಯಸಿಸತಕ್ಕದ್ದೆಂಬುದಕ್ಕೆ ಸೂಚನೆ ಮಾತ್ರ.

ತಳಿಶಾಸ್ತ್ರವು ಈ ಪದಗಳ ಮಹಲನ್ನು ಕಿಂಚಿತ್ತೂ ಲಕ್ಷಿಸುವುದಿಲ್ಲ. ಅದರ ಪಾಲಿಗೆ ಅತ್ತೆಯ ಮಗಳೂ ದೊಡ್ಡಮ್ಮನ ಮಗಳೂ ಒಂದೇ ದೂರ. ತಂದೆ ತಾಯಿಗಳಿಬ್ಬರಿಂದಲೂ ಒಂದೇ ಪೂರ್ವಜನ ಒಂದೇ ವಂಶವಾಹಿಯ ಪ್ರತಿಗಳು ಮಗುವಿಗೆ ಬರುವ ಸಂಭವವನ್ನು ಲೆಕ್ಕಹಾಕಿದರೆ, ಈ ಇಬ್ಬರಲ್ಲಿ ಯಾರನ್ನು ಮದುವೆಯಾದರೂ ಅದು ಹದಿನಾರರಲ್ಲೊಂದು; ಅಕ್ಕನ ಮಗಳಾದರೆ ಎಂ­ಟರಲ್ಲೊಂದು; ಒಡಹುಟ್ಟಿದವರಾದರೆ ನಾಲ್ಕರಲ್ಲೊಂದು. ಒಂದೇ ಪ್ರತಿಯಾಗಿರುವಾಗ ನಿದ್ರಿಸುತ್ತಿದ್ದ ದೋಷವು ಜೋಡಿಯಾದಾಗ ಎಚ್ಚರಗೊಳ್ಳುತ್ತದೆ ಎಂಬುದೇ ಇದರ ಭಯ. ನಮ್ಮ ಹಲವು ಸಮುದಾಯಗಳಲ್ಲಿ ಅಕ್ಕನ ಮಗಳನ್ನು ತರಬಹುದು, ತಂಗಿಯ ಮಗಳನ್ನು ತರಕೂಡದು. ವಂಶವಾಹಿಗಳಿಗೆ ಅಕ್ಕತಂಗಿಯರ ವ್ಯತ್ಯಾಸ ತಿಳಿಯದು, ವರನಿಗೂ ವಧುವಿಗೂ ಇರಬೇಕಾದ ವಯಸ್ಸಿನ ಅಂತರವನ್ನು ಬಲ್ಲ ಅಜ್ಜಿಗೆ ತಿಳಿದೀತು.

ದಕ್ಷಿಣದ ಈ ಸೋದರಿಕೆ ಹಳೆಯದು. ಬೌಧಾಯನ ಧರ್ಮಸೂತ್ರವು ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ವರಿಸುವುದು ದಾಕ್ಷಿಣಾತ್ಯರ ವಿಶೇಷಾಚಾರವೆಂದು ಗುರುತಿಸುತ್ತದೆ. 1955ರ ಹಿಂದೂ ವಿವಾಹ ಕಾಯಿದೆಯೂ ನಿಷಿದ್ಧ ಸಂಬಂಧಗಳನ್ನು ಹೆಸರಿಸುತ್ತಲೇ ರೂಢಿಯಿದ್ದಲ್ಲಿ ವಿನಾಯಿತಿಯೆಂದು ಬಾಗಿಲು ತೆರೆದಿಟ್ಟಿತು. 1957ರಲ್ಲಿ ಇಂಗ್ಲೆಂಡನ್ನು ಬಿಟ್ಟು ಭಾರತಕ್ಕೆ ಬಂದು ನೆಲಸಿದ ತಳಿಶಾಸ್ತ್ರಜ್ಞ ಜೆ. ಬಿ. ಎಸ್. ಹಾಲ್ಡೇನನಿಗೆ ಇಲ್ಲಿನ ಒಳಸಂಬಂಧದ ಮದುವೆಗಳು ತಳಿಶಾಸ್ತ್ರದ ನಿಧಿಯಾಗಿ ಕಂಡವು. 1966ರಲ್ಲಿ ಮುಂಬಯಿಯ ಎಲ್. ಡಿ. ಸಾಂಘವಿಯವರು, ಎಷ್ಟೋ ತಲೆಮಾರುಗಳಿಂದ ಹೀಗೆ ನಡೆದುಬಂದುದರಿಂದ ಮಾರಕವಾದ ವಂಶವಾಹಿಗಳು ಒಂದೊಂದಾಗಿ ಅಳಿದು, ದಕ್ಷಿಣದ ಜನರಲ್ಲಿ ಕೇಡು ತಗ್ಗಿರಬಹುದೆಂಬ ಕುತೂಹಲಕರವಾದ ಊಹೆಯನ್ನು ಮುಂದಿಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಎನ್. ಅಪ್ಪಾಜಿ ರಾವ್ ಮತ್ತು ಇಂಗ್ಲೆಂಡಿನಿಂದ ಬಂದ ಅಲನ್ ಬಿಟಲ್ಸ್ ಅವರು 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಮಕ್ಕಳ ಲೆಕ್ಕವನ್ನು ಸಂಗ್ರಹಿಸಿದಾಗ, ಆ ಮಕ್ಕಳ ತಂದೆತಾಯಿಗಳಲ್ಲಿ ಹೆಚ್ಚುಕಡಮೆ ಮೂರರಲ್ಲೊಂದು ಪಾಲು ರಕ್ತಸಂಬಂಧಿಗಳೆಂದು ತಿಳಿದುಬಂತು. ಕೇಡು ಅಳಿದಿತ್ತೇ? ಪೂರ್ತಿ ಅಳಿದಿರಲಿಲ್ಲ, ಜನರು ಹೆದರುವಷ್ಟು ಇರಲೂ ಇಲ್ಲ. 1994ರಲ್ಲಿ ಬಿಟಲ್ಸ್ ಮತ್ತು ಜೇಮ್ಸ್ ನೀಲ್ ಹಲವು ದೇಶಗಳ ಲೆಕ್ಕವನ್ನು ಒಟ್ಟುಗೂಡಿಸಿ, ಸೋದರಸಂಬಂಧಿಗಳ ಸಂತಾನದಲ್ಲಿ ಎಳೆವಯಸ್ಸಿನ ಸಾವು ಉಳಿದವರಿಗಿಂತ ನೂರಕ್ಕೆ ಸುಮಾರು 4.4ರಷ್ಟು ಹೆಚ್ಚೆಂದು ಅಂದಾಜಿಸಿದರು. ನೂರಕ್ಕೆ ನಾಲ್ಕು ಎಂಬುದು ಲೆಕ್ಕದ ಪುಸ್ತಕದಲ್ಲಿ ಸಣ್ಣ ಅಂಕಿ. ಆ ನಾಲ್ವರಲ್ಲಿ ಒಬ್ಬನ ತಾಯಿಗೆ ಸಣ್ಣದಲ್ಲ.

ಹಾಗಾದರೆ ಜನರು ಇದನ್ನು ಏಕೆ ಇಷ್ಟು ಪ್ರೀತಿಯಿಂದ ಉಳಿಸಿಕೊಂಡುಬಂದರು? ಇಲ್ಲಿ ನನಗೆ ಎಲ್ಲರಿಗಿಂತ ಹೆಚ್ಚಾಗಿ ನೆನಪಾಗುವವರು ಇರಾವತಿ ಕರ್ವೆ. ಬರ್ಮಾದಲ್ಲಿ ಹುಟ್ಟಿ, ಐರಾವತಿ ನದಿಯ ಹೆಸರನ್ನು ಹೊತ್ತು, ಬರ್ಲಿನ್ನಿನಲ್ಲಿ ತಲೆಬುರುಡೆಗಳನ್ನು ಅಳೆಯುವ ವಿದ್ಯೆ ಕಲಿತು, ಅಲ್ಲಿನ ಗುರುವಿನ ಜನಾಂಗಸಿದ್ಧಾಂತವನ್ನು ತಮ್ಮ ಅಳತೆಗಳು ಸಮರ್ಥಿಸುವುದಿಲ್ಲವೆಂದು ಅಲ್ಲಿಯೇ ಬರೆದುಕೊಟ್ಟು, ಪುಣೆಯ ಡೆಕ್ಕನ್ ಕಾಲೇಜಿಗೆ ಬಂದು ನೆಲಸಿ, ಮಹಾಭಾರತದ ಪಾತ್ರಗಳನ್ನು ಕುರಿತು 'ಯುಗಾಂತ'ವನ್ನೂ ಬರೆದ ಆ ಹೆಣ್ಣುಮಗಳು, 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯ ಗ್ರಂಥವನ್ನು ಹೊರತಂದರು. ಉತ್ತರದ ವಧು ಅಪರಿಚಿತರ ಊರಿಗೆ ಹೋಗಿ ಸೆರಗನ್ನು ಮುಖದ ಮೇಲೆಳೆದು ಬಾಳಬೇಕು. ದಕ್ಷಿಣದ ವಧು ಅಜ್ಜಿಯ ಮನೆಗೋ ಮಾವನ ಮನೆಗೋ, ಬಾಲ್ಯದಲ್ಲಿ ಆಡಿ ಬಂದ ಅಂಗಳಕ್ಕೇ ಸೊಸೆಯಾಗಿ ಹೋಗುತ್ತಾಳೆ ಎಂಬುದು ಅವರು ಕಂಡ ದೊಡ್ಡ ಭೇದ. ಸುಭದ್ರೆಯು ಅರ್ಜುನನಿಗೆ ಸೋದರಮಾವನ ಮಗಳೇ ಅಲ್ಲವೆ? ಜಮೀನು ಹೊರಗೆ ಹೋಗದೆಂಬ ಲೆಕ್ಕವೂ ಇತ್ತು, ಇಲ್ಲವೆನ್ನಲಾಗದು; ಆದರೆ ಮಗಳನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕೆಂಬ ತಾಯಿಯ ಆಸೆಯನ್ನು ಭೂಕಂದಾಯದ ಪುಸ್ತಕದಲ್ಲಿ ಹುಡುಕಿದರೆ ಸಿಕ್ಕದು.

ಮಹಾರಾಜಾ ಕಾಲೇಜಿನಿಂದ ಹೊರಬಿದ್ದ ತರುಣನನ್ನು ಮರೆತಿಲ್ಲ. ಎಂ. ಎನ್. ಶ್ರೀನಿವಾಸರು ಮುಂಬಯಿಗೆ ಹೋಗಿ, 1942ರಲ್ಲಿ ಮೈಸೂರಿನ ವಿವಾಹ ಕುಟುಂಬಗಳನ್ನು ಕುರಿತ ತಮ್ಮ ಮೊದಲ ಗ್ರಂಥವನ್ನು ಪ್ರಕಟಿಸಿದರು. ಮುಂದೆ 1948ರಲ್ಲಿ ರಾಮಪುರವೆಂದು ತಾವು ಕರೆದ ಹಳ್ಳಿಯಲ್ಲಿದ್ದು ಕೂಡಿಸಿದ ಸಾಮಗ್ರಿಯನ್ನು ಬರೆಯುವುದಕ್ಕಾಗಿ, ಸ್ಟ್ಯಾನ್‌ಫರ್ಡಿನಲ್ಲಿ ಫೋರ್ಡ್ ಪ್ರತಿಷ್ಠಾನದ ಹಣದಿಂದ 1954ರಲ್ಲಿ ತೆರೆದಿದ್ದ ವರ್ತನಾವಿಜ್ಞಾನಗಳ ಕೇಂದ್ರಕ್ಕೆ ಹೋಗಿದ್ದರು. ಎಲ್ಲ ಶಾಸ್ತ್ರದವರಿಗೂ ಬಾಗಿಲು ತೆರೆದಿದ್ದ ಆ ಕೇಂದ್ರಕ್ಕೆ 1970ರ ಏಪ್ರಿಲ್‌ನಲ್ಲಿ ಯಾರೋ ಬೆಂಕಿಯಿಟ್ಟರು. ಶ್ರೀನಿವಾಸರು ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಉರಿದುಹೋದವು. ನೆನಪಿನಿಂದಲೇ ಬರೆದ ಗ್ರಂಥವು 1976ರಲ್ಲಿ ಹೊರಬಂದು ಅವರ ಕೃತಿಗಳಲ್ಲೆಲ್ಲ ಪ್ರಖ್ಯಾತವಾಯಿತು.

ಈ ಶಾಸ್ತ್ರಗಳೆಲ್ಲ ಒಂದು ನಿಮಿಷದ ಮಟ್ಟಿಗೆ ಒಂದೇ ಕುರ್ಚಿಯಲ್ಲಿ ಕುಳಿತುಕೊಳ್ಳುವ ಜಾಗವೊಂದಿದೆ. ಅದು ಆಸ್ಪತ್ರೆಯಲ್ಲಿ ವಂಶವಾಹಿ ರೋಗಗಳ ಸಲಹೆ ಕೊಡುವ ವೈದ್ಯರ ಕೋಣೆ. ಎದುರಿಗೆ ಗಂಡಹೆಂಡಿರು, ಹೆಂಡತಿಯ ಮಡಿಲಲ್ಲಿ ಕತ್ತು ನಿಲ್ಲದ ಮಗು. ವೈದ್ಯರು ಕಾಗದದ ಮೇಲೆ ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ ಬರೆದು, ನಡುವೆ ಗೆರೆಯೆಳೆಯುವ ಮೊದಲು ಕೇಳುತ್ತಾರೆ: "ಸಂಬಂಧದಲ್ಲೇ ಮದುವೆಯೇನಪ್ಪಾ?" ಗಂಡನು ತಲೆತಗ್ಗಿಸಿ, "ಹೌದು ಸಾರ್, ಅಕ್ಕನ ಮಗಳು" ಎನ್ನುತ್ತಾನೆ. ಪುಸ್ತಕ ಓದಿದ ವೈದ್ಯನಾದರೆ ಜೋಡಿಗೆರೆ ಎಳೆದು ಪಕ್ಕದಲ್ಲಿ ಎಂಟರಲ್ಲೊಂದೆಂದು ಬರೆಯುತ್ತಾನೆ. ಕನ್ನಡ ಬಲ್ಲ ವೈದ್ಯನು ಪೆನ್ನನ್ನು ಅಲ್ಲಿಯೇ ತಡೆಯುತ್ತಾನೆ. ಏಕೆಂದರೆ ಈ ಅಕ್ಕ ದೊಡ್ಡಪ್ಪನ ಮಗಳಾಗಿದ್ದರೂ ಅಕ್ಕನೇ, ದೊಡ್ಡಮ್ಮನ ಮಗಳಾಗಿದ್ದರೂ ಅಕ್ಕನೇ, ಮತ್ತು ಹಾಗಿದ್ದ ಪಕ್ಷದಲ್ಲಿ ಬರೆಯಬೇಕಾದುದು ಮೂವತ್ತೆರಡರಲ್ಲೊಂದು.

"ಸ್ವಂತ ಅಕ್ಕನೋ?" ಎಂದು ಅವನು ಕೇಳುತ್ತಾನೆ. "ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವಳೋ?"

ಗಂಡನು ಹೆಂಡತಿಯ ಮುಖವನ್ನು ನೋಡುತ್ತಾನೆ. ಇಬ್ಬರಿಗೂ ಪ್ರಶ್ನೆ ಹೊಸದು.